ಅಗೆಯೋ ಮುಂಚೆ ಹುಡುಕಿದ್ರಾ? (ಭಾಗ 3)

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯವರಿಗೆ ಇದು ಹೊಸದಲ್ಲ. ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸೋಕೆ ಜೆಸಿಬಿ ಬರುತ್ತೆ, ಬಕೆಟ್‌ಗೆ ಕೇಬಲ್ ಸಿಗುತ್ತೆ, ಊರಿನ ನೆಟ್ ಹೋಗುತ್ತೆ. ಆಮೇಲೆ ಎಲ್ಲರದ್ದೂ ಒಂದೇ ಮಾತು: "ಕೆಳಗೆ ಏನಿದೆ ಅಂತ ಯಾರಿಗೆ ಗೊತ್ತು ಮಾರಾಯ್ರೆ!"

ಈ ಮಾತು ನಾನು ಒಪ್ಪಲ್ಲ. ಗೊತ್ತು ಮಾಡ್ಕೊಳ್ಳೋ ದಾರಿ ಇದೆ.

ಕೇಬಲ್ ಲೊಕೇಟರ್‌ನಲ್ಲಿ ಎರಡು ಭಾಗ. ಟ್ರಾನ್ಸ್‌ಮಿಟರ್‌ನ ಒಂದು ಕ್ಲಿಪ್ ಕಬ್ಬಿಣದ ಪೈಪಿಗೆ, ಇನ್ನೊಂದು ನೆಲಕ್ಕೆ ಹೊಡೆದ ಸರಳಿಗೆ. ಸಿಗ್ನಲ್ ಲೋಹದಲ್ಲಿ ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತೆ. ರಿಸೀವರ್ ಹಿಡ್ಕೊಂಡು ನಡೀತಾ ಹೋದ್ರೆ ಪೈಪಿನ ನೇರ ಮೇಲೆ ಬಂದಾಗ ಸದ್ದು ಜೋರಾಗುತ್ತೆ. ಆಳದ ಅಂದಾಜೂ ಸಿಗುತ್ತೆ.

ಆದ್ರೆ ಫೈಬರ್ ಅಂದ್ರೆ ಗಾಜು. ಪಿವಿಸಿ ಪೈಪ್ ಅಂದ್ರೆ ಪ್ಲಾಸ್ಟಿಕ್. ಅದರಲ್ಲಿ ಸಿಗ್ನಲ್ ಹರಿಯಲ್ಲ. ಅದಕ್ಕೇ ಹೂಳುವಾಗಲೇ ಜೊತೆಗೊಂದು ಟ್ರೇಸರ್ ತಂತಿ ಹಾಕ್ಬೇಕು. ಜಲ ಜೀವನ್ ಮಿಷನ್ ಪೈಪ್ ನಿಮ್ಮೂರಲ್ಲೂ ಬಂದಿದ್ರೆ ಪಂಚಾಯ್ತಿಲಿ ಕೇಳಿ: ತಂತಿ ಹಾಕಿದ್ದೀರಾ? ನಕ್ಷೆ ಎಲ್ಲಿದೆ?

ಈಗ ಕಾಮರ್ಸ್‌ನವರ ಲೆಕ್ಕ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಟ್ಟಿತು. ಅಗೆಯೋರು ಮೊದಲೇ ತಿಳಿಸಿದ್ರೆ ಕೇಬಲ್ ಇಟ್ಟೋರಿಗೆ ಸುದ್ದಿ ಹೋಗುತ್ತೆ. ಆಗ ಸರ್ಕಾರವೇ ಹೇಳಿದ್ದು: ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಸಲ ಫೈಬರ್ ಕಟ್, ಸುಮಾರು 3,000 ಕೋಟಿ ರೂಪಾಯಿ ನಷ್ಟ. ಯುಪಿಐ ನಡೆಯದೆ ಗಿರಾಕಿ ಕಳ್ಕೊಂಡ ಅಂಗಡಿ, ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಸೈಬರ್ ಸೆಂಟರ್ ಬಾಗಿಲಲ್ಲಿ ಕಾದ ಹುಡುಗಿ, ಇವರ ನಷ್ಟ ಯಾರು ಬರೆದಿಟ್ಟಿದ್ದಾರೆ? ಅಗೆದವರ ಬಿಲ್ ಪಾಸ್, ನಷ್ಟ ಮಾತ್ರ ನಮ್ಮ ಖಾತೆಗೆ.

ಜೆಸಿಬಿ ಆಪರೇಟರ್‌ಗೆ ಬೈಬೇಡಿ. ಎಸ್ಟಿಮೇಟ್‌ನಲ್ಲಿ ಹುಡುಕೋ ಕೆಲಸಕ್ಕೆ ದುಡ್ಡೇ ಇಟ್ಟಿಲ್ಲ ಅಂದ್ರೆ ಅವರೇನು ಮಾಡ್ತಾರೆ? ತಪ್ಪು ಎಸ್ಟಿಮೇಟ್ ಬರೆಯೋರದ್ದು, ಸಹಿ ಹಾಕೋರದ್ದು.

"ಮೆಷಿನ್ ದುಬಾರಿ" ಅಂತೀರಾ? ಪ್ರತಿ ಗುತ್ತಿಗೆದಾರ ಕೊಳ್ಳಬೇಕಿಲ್ಲ. ತಾಲ್ಲೂಕಿಗೆ ಒಂದಿರಲಿ, ದಿನದ ಬಾಡಿಗೆಗೆ ಕೊಡಲಿ. ಹುಡುಕಿ ಸುಣ್ಣದ ಗೆರೆ ಹಾಕಿದ ಫೋಟೋ ಇಲ್ಲದೆ ಬಿಲ್ ಪಾಸ್ ಆಗಬಾರದು, ಅಷ್ಟೇ.

ನಿಮ್ಮ ರಸ್ತೇಲಿ ಅಗೆತ ಶುರುವಾದ್ರೆ ವಿಡಿಯೋ ಆಮೇಲೆ ಮಾಡಿ. ಮೊದಲು ಹೋಗಿ ಈ ಪೋಸ್ಟಿನ ತಲೆಬರಹ ಕೇಳಿ.

#ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು #ಅಗೆಯೋಮುಂಚೆಹುಡುಕಿ