ಬದುಕಿರೋ ಕಂಪ್ಯೂಟರಿಗೆ ತಿಥಿ

‘ಪ್ರೊ’ ಅನ್ನೋ ಪದದ ಮರ್ಯಾದೆ ಹೋಗಿ ಬಹಳ ದಿನ ಆಯ್ತು. ಫೋನಿಗೂ ಪ್ರೊ, ಕಿವಿಗೆ ಸಿಕ್ಕಿಸೋ ಇಯರ್‌ಬಡ್ಡಿಗೂ ಪ್ರೊ, ಹಲ್ಲುಜ್ಜೋ ಬ್ರಷ್ಷಿಗೂ ಪ್ರೊ. ಕೊಂಡವನ ವೃತ್ತಿ ಯಾವುದು, ಅದಕ್ಕೆ ಇದರಿಂದ ಏನು ಉಪಯೋಗ ಅಂತ ಯಾರೂ ಕೇಳಲ್ಲ. ಸ್ವಲ್ಪ ಜಾಸ್ತಿ ಇಎಂಐ ಕಟ್ಟಿದರೆ ನೀವೂ ಪ್ರೊ.

ಈ ಪದಕ್ಕೆ ಅರ್ಥ ಇದ್ದ ಕಾಲದ ಒಂದು ಯಂತ್ರ ನನ್ನ ಬಾಡಿಗೆ ಮನೆಯ ಮೂಲೆಯಲ್ಲಿ ಕೂತಿದೆ. 2010ರ ಮ್ಯಾಕ್ ಪ್ರೊ. ಬೆಂಗಳೂರಿನ ಒಂದು ಜಾಹೀರಾತು ಸ್ಟುಡಿಯೋ ಬಾಗಿಲು ಹಾಕುವಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು. ತೂಕ ಹದಿನೆಂಟು ಕೆಜಿಗೂ ಮೇಲೆ. ಮೂರನೇ ಮಹಡಿಗೆ ಹತ್ತಿಸುವಾಗ ಕೈಕೊಟ್ಟ ಗೆಳೆಯ, ‘ಇದೇನು ರುಬ್ಬೋ ಕಲ್ಲಾ?’ ಅಂದ. ಮನೆಗೆ ಬರೋ ಸಹೋದ್ಯೋಗಿಗಳದ್ದೆಲ್ಲ ಒಂದೇ ಪ್ರಶ್ನೆ: ‘ಇನ್ನೂ ಇದನ್ನ ಇಟ್ಕೊಂಡಿದ್ದೀಯಾ? ಸಪೋರ್ಟೇ ಇಲ್ವಲ್ಲೋ.’ ನನ್ನ ಜಗಳ ಇರೋದೇ ಆ ‘ಸಪೋರ್ಟೇ ಇಲ್ವಲ್ಲ’ ಅನ್ನೋ ಮಾತಿನ ಮೇಲೆ.

ಯಂತ್ರದ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳ್ತೀನಿ. 2003ರ ಪವರ್ ಮ್ಯಾಕ್ ಜಿ5ಗೆ ಅಂತ ಆಪಲ್ ಮಾಡಿದ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆಯನ್ನೇ ಒಳಗಡೆ ಬದಲಾಯಿಸಿ, 2006ರ ಆಗಸ್ಟ್‌ನಲ್ಲಿ ಇಂಟೆಲ್ ಜಿಯಾನ್ ಪ್ರೊಸೆಸರ್ ಹಾಕಿ ಮ್ಯಾಕ್ ಪ್ರೊ ಅಂತ ಬಿಟ್ಟರು. ಮುಖದ ತುಂಬ ತೂತು. ಅಮೆರಿಕದವರು ಚೀಸ್ ತುರಿಯೋ ಮಣೆ ಅಂತ ಅಡ್ಡಹೆಸರಿಟ್ಟರು. ನಮ್ಮಮ್ಮ ನೋಡಿದ್ದರೆ ಗಜ್ಜರಿ ತುರಿಯೋದು ಅಂತಿದ್ದರೇನೋ. ಹಿಂದುಗಡೆ ಒಂದು ಲಿವರ್ ಎತ್ತಿದರೆ ಪಕ್ಕದ ಬಾಗಿಲು ಪೂರ್ತಿ ಕೈಗೆ ಬರುತ್ತೆ. ಸ್ಕ್ರೂಡ್ರೈವರ್ ಹುಡುಕೋ ಕೆಲಸವಿಲ್ಲ. ಒಳಗೆ ನಾಲ್ಕು ಹಾರ್ಡ್ ಡಿಸ್ಕ್ ತಟ್ಟೆಗಳು, ಮೇಜಿನ ಡ್ರಾಯರ್ ಥರ ಎಳೆದು ತಳ್ಳಬಹುದು, ವೈರ್ ಸಿಕ್ಕಿಸೋ ರಗಳೆಯೂ ಇಲ್ಲ. 2009ರ ಮಾದರಿಯಿಂದ ಪ್ರೊಸೆಸರ್, ಮೆಮೊರಿ ಎರಡೂ ಕೂತಿರೋ ಹಲಗೆಯೇ ಒಂದು ಟ್ರೇ ಆಗಿ ಹೊರಗೆ ಬರುತ್ತೆ.

ಇದು ಬಡವರ ಯಂತ್ರವಾಗಿರಲಿಲ್ಲ, ಒಪ್ಪಿದೆ. 2006ರಲ್ಲಿ 2,499 ಡಾಲರ್. 2010ರ ಹನ್ನೆರಡು ಕೋರಿನದ್ದು ಶುರುವಾಗುತ್ತಿದ್ದದ್ದೇ 4,999 ಡಾಲರಿಂದ. ಆದರೆ ಅಷ್ಟು ದುಡ್ಡು ತಗೊಂಡು ಮಾಡಿದವರು ಕೊಂಡವನಿಗೆ ಒಂದು ಮಾತು ಹೇಳಿದ್ದರು: ಇದು ನಿನ್ನದು, ತೆರೆದು ನೋಡು, ಬೇಕಾದ್ದು ಹಾಕ್ಕೋ. ನನ್ನದರಲ್ಲಿ ಈಗ 96 ಜಿಬಿ ಮೆಮೊರಿ ಇದೆ. ಎಲ್ಲಾ ಎಸ್.ಪಿ. ರೋಡಿನಲ್ಲಿ ಸಿಕ್ಕ ಹಳೇ ಸರ್ವರ್‌ಗಳ ಕಡ್ಡಿಗಳು. ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 580. ಆಪಲ್ ತಾನೇ ‘ಇದು ನಡೆಯುತ್ತೆ’ ಅಂತ ಪಟ್ಟಿ ಮಾಡಿ ಹೇಳಿದ್ದ ಕಾರ್ಡು. 2018ರ ಮೊಹಾವೆ ಕಾಲದಲ್ಲಿ ಬಂದ ಫರ್ಮ್‌ವೇರ್ ಹಾಕಿದ ಮೇಲೆ ಎನ್‌ವಿಎಂಇ ಎಸ್‌ಎಸ್‌ಡಿಯಿಂದಲೂ ಬೂಟ್ ಆಗುತ್ತೆ. ಎಂಟು ವರ್ಷ ಹಳೆಯ ಯಂತ್ರಕ್ಕೆ ಹೊಸ ಕಾಲದ ಡಿಸ್ಕ್! ಇಷ್ಟೆಲ್ಲ ಮಾಡಿದ ಕಂಪನಿಯೇ ಮರುವರ್ಷ, 2019ರ ಕ್ಯಾಟಲಿನಾದಲ್ಲಿ, ಈ ಮಾದರಿಯನ್ನ ಪಟ್ಟಿಯಿಂದ ತೆಗೆದುಹಾಕಿತು.

ಯಂತ್ರಕ್ಕೆ ಆಗದ ಕೆಲಸವಾ ಅದು? ಅಲ್ಲ. ಓಪನ್‌ಕೋರ್ ಅನ್ನೋ ಬೂಟ್‌ಲೋಡರ್ ಹಾಕಿದರೆ ಅದೇ ಪೆಟ್ಟಿಗೆಯಲ್ಲಿ ಅದೇ ಕ್ಯಾಟಲಿನಾ ಓಡುತ್ತೆ. ಬೂಟ್‌ಲೋಡರ್ ಇಲ್ಲಿ ಮಾಡೋ ಮುಖ್ಯ ಕೆಲಸ, ‘ನಾನು ಪಟ್ಟಿಯಲ್ಲಿರೋ ಯಂತ್ರಾನೇ’ ಅಂತ ಒಂದು ಸುಳ್ಳು ಹೇಳೋದು. ಮುಂದಿನ ಆವೃತ್ತಿಗಳು ಈ ಹಳೇ ಪ್ರೊಸೆಸರಿನಲ್ಲಿ ಇಲ್ಲದ ಇನ್‌ಸ್ಟ್ರಕ್ಷನ್‌ಗಳನ್ನ ಬೇಡೋಕೆ ಶುರುಮಾಡಿದವು. ಅದು ನಿಜವಾದ ಮಿತಿ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಪಟ್ಟಿಯ ಬಗ್ಗೆ.

2006ರ ಮೊದಲ ಮ್ಯಾಕ್ ಪ್ರೊ ಕಥೆ ಇನ್ನೂ ಅನ್ಯಾಯದ್ದು. ಅದರ ಪ್ರೊಸೆಸರ್ 64 ಬಿಟ್. ಆದರೆ ಯಂತ್ರವನ್ನ ಎಬ್ಬಿಸೋ ಇಎಫ್‌ಐ ಫರ್ಮ್‌ವೇರ್ ಮಾತ್ರ 32 ಬಿಟ್. 2012ರಲ್ಲಿ ಬಂದ ಮೌಂಟನ್ ಲಯನ್ 64 ಬಿಟ್ ಇಎಫ್‌ಐ ಬೇಕು ಅಂತು. ಅಲ್ಲಿಗೆ ಆರು ವರ್ಷದ, ಎರಡು ಜಿಯಾನ್ ಇರೋ ಯಂತ್ರ ಅಧಿಕೃತವಾಗಿ ಮುದುಕ ಆಯ್ತು. ಹೊಸ ಫರ್ಮ್‌ವೇರ್ ಆಪಲ್ ಕೊಡಲಿಲ್ಲ. ಸಂಬಳವಿಲ್ಲದ ಬಳಕೆದಾರರು ಕೂತು ಒಂದೇ ಒಂದು ಬೂಟ್ ಫೈಲನ್ನ ತಿದ್ದಿ ಬರೆದು, 2015ರ ಎಲ್ ಕ್ಯಾಪಿಟನ್‌ವರೆಗೂ ಅದನ್ನ ಓಡಿಸಿದರು. ಮೂರು ವರ್ಷಕ್ಕೂ ಹೆಚ್ಚು ಆಯಸ್ಸು, ಒಂದು ಫೈಲಿನಲ್ಲಿ!

ನಾನು ಅರಸೀಕೆರೆ ಕಡೆಯ ತೆಂಗಿನ ತೋಟದವನು. ನಮ್ಮ ಪಂಪ್‌ಸೆಟ್ ಮೋಟಾರ್ ಎಷ್ಟು ಸಲ ಸುಟ್ಟಿದೆಯೋ ಲೆಕ್ಕ ಇಲ್ಲ. ಪ್ರತಿ ಸಲವೂ ಅಪ್ಪ ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಗೆ ಹೋಗಿ ತಂತಿ ಸುತ್ತಿಸಿಕೊಂಡು ಬಂದಿದ್ದಾರೆ. ಮೋಟಾರು ಕೆಟ್ಟಿತು ಅಂದರೆ ಕೆಟ್ಟಿತು ಅಂತ. ನೀರು ಎತ್ತುತ್ತಾ ಇರುವಾಗಲೇ ‘ನಿಮ್ಮ ಮೋಟಾರಿನ ಕಾಲ ಮುಗಿಯಿತು’ ಅಂತ ಯಾರೂ ಕಾಗದ ಕಳಿಸಿಲ್ಲ. ಮುಂದೆ ಸ್ಮಾರ್ಟ್ ಮೋಟಾರ್ ಬಂದರೆ ಅದನ್ನೂ ಕಳಿಸ್ತಾರೆ ಅನ್ನಿ.

ನನ್ನ ವಿರುದ್ಧ ಇರೋ ವಾದಗಳು ನನಗೆ ಗೊತ್ತಿಲ್ಲದ್ದಲ್ಲ. ಮೊದಲನೆಯದು ಕರೆಂಟು. ನನ್ನ ಪೆಟ್ಟಿಗೆ ಸುಮ್ಮನೆ ಕೂತಾಗಲೂ ನೂರು ವಾಟ್‌ಗಿಂತ ಜಾಸ್ತಿ ನುಂಗುತ್ತೆ. ಎಂ1 ಮ್ಯಾಕ್ ಮಿನಿ ಹತ್ತು ವಾಟ್ ಒಳಗೆ ಮುಗಿಸುತ್ತೆ, ಓಟದಲ್ಲೂ ಮುಂದೆ. ಪೂರ್ತಿ ನಿಜ. ಅದಕ್ಕೇ ನಾನಿದನ್ನ ದಿನವಿಡೀ ಹಚ್ಚಿಡಲ್ಲ. ದೊಡ್ಡ ಬಿಲ್ಡ್, ವಿಡಿಯೋ ಎಡಿಟಿಂಗ್ ಇದ್ದಾಗ ಮಾತ್ರ. ಆದರೆ ಪರಿಸರದ ಹೆಸರಲ್ಲಿ ಹೊಸದು ಕೊಳ್ಳೋರು ಆಪಲ್‌ನ ಪರಿಸರ ವರದಿಗಳನ್ನೇ ಒಮ್ಮೆ ತೆಗೆದು ನೋಡಲಿ. ಒಂದು ಮ್ಯಾಕ್‌ಬುಕ್ ತನ್ನ ಜೀವಮಾನದಲ್ಲಿ ಉಗುಳೋ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಖಾನೆಯಲ್ಲೇ ಹೊರಬಿದ್ದಿರುತ್ತೆ, ನೀವು ಡಬ್ಬಿ ಬಿಚ್ಚೋ ಮೊದಲೇ.

ಎರಡನೆಯದು: ಮೆಮೊರಿಯನ್ನ ಪ್ರೊಸೆಸರ್ ಪಕ್ಕದಲ್ಲೇ ಬೆಸೆದರೆ ವೇಗ ಹೆಚ್ಚು, ಗ್ರಾಫಿಕ್ಸ್‌ಗೂ ಅದೇ ಮೆಮೊರಿ ಸಿಗುತ್ತೆ. ಇದೂ ನಿಜ, ಲ್ಯಾಪ್‌ಟಾಪಿಗೆ ಒಪ್ಪುವ ಮಾತೂ ಹೌದು. ಆದರೆ ಕೆಲಸದವರ ಡೆಸ್ಕ್‌ಟಾಪಿನಲ್ಲಿ ಏನಾಯ್ತು ನೋಡಿ. 2013ರಲ್ಲಿ ಆಪಲ್ ಪೆಟ್ಟಿಗೆ ಬಿಟ್ಟು ಕಪ್ಪು ಡಬ್ಬಿ ಆಕಾರದ ಮ್ಯಾಕ್ ಪ್ರೊ ಮಾಡಿತು. ಸ್ಲಾಟೂ ಇಲ್ಲ, ಡಿಸ್ಕ್ ತಟ್ಟೆಯೂ ಇಲ್ಲ. ವರ್ಷಗಟ್ಟಲೆ ಹಾಗೇ ಮಾರಿ, ಕೊನೆಗೆ 2017ರ ಏಪ್ರಿಲ್‌ನಲ್ಲಿ ಪತ್ರಕರ್ತರನ್ನ ಕರೆದು, ಆ ಆಕಾರದೊಳಗೆ ಶಾಖ ಸಂಭಾಳಿಸೋಕೆ ಆಗ್ತಿಲ್ಲ ಅಂತ ಒಪ್ಪಿಕೊಂಡಿತು. 2019ರಲ್ಲಿ ಪೆಟ್ಟಿಗೆ ವಾಪಸ್: ಎಂಟು ಸ್ಲಾಟ್, 1.5 ಟಿಬಿ ತನಕ ಮೆಮೊರಿ, ಶುರು 5,999 ಡಾಲರ್. ಚಕ್ರ ಬೇಕಿದ್ದರೆ 400 ಡಾಲರ್ ಬೇರೆ! 2023ರ ಎಂ2 ಅಲ್ಟ್ರಾ ಮಾದರಿಗೆ ಅದೇ ಪೆಟ್ಟಿಗೆ, ಸಾವಿರ ಡಾಲರ್ ಹೆಚ್ಚು ಬೆಲೆ, ಮೆಮೊರಿ ಗರಿಷ್ಠ 192 ಜಿಬಿ. ಆಮೇಲೆ ಒಂದು ಜಿಬಿಯೂ ಸೇರಿಸೋ ಹಾಗಿಲ್ಲ. ಸ್ಲಾಟ್‌ಗಳಿವೆ, ಗ್ರಾಫಿಕ್ಸ್ ಕಾರ್ಡ್ ಹಾಕೋ ಹಾಗಿಲ್ಲ. ಬಾಗಿಲು ಹಾಗೇ ಇದೆ, ತೆಗೆದರೆ ಒಳಗೆ ಮಾಡೋಕೆ ಕೆಲಸ ಕಮ್ಮಿ.

ಆ 2019ರ ಇಂಟೆಲ್ ಮಾದರಿಯನ್ನ ಆಪಲ್ 2023ರ ಜೂನ್ ತನಕ ಮಾರಿತು. 2025ರ ಜೂನ್‌ನಲ್ಲಿ, ಇಂಟೆಲ್ ಯಂತ್ರಗಳಿಗೆ ಟಾಹೋ ಆವೃತ್ತಿಯೇ ಕೊನೆ, ಆಮೇಲೆ ಕೆಲವು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಅಂತ ಘೋಷಿಸಿತು. ಯಾರೋ ಎಡಿಟರ್ 2023ರ ಮೇ ತಿಂಗಳಲ್ಲಿ ಲಕ್ಷಗಟ್ಟಲೆ ಸುರಿದು ತಂದ ಯಂತ್ರಕ್ಕೆ ಎರಡೇ ವರ್ಷದಲ್ಲಿ ಮುಹೂರ್ತ ಇಟ್ಟಾಯ್ತು. ನಮ್ಮೂರಲ್ಲಿ ಎಮ್ಮೆ ಮಾರುವವನೂ ಇಷ್ಟು ಧೈರ್ಯ ಮಾಡಲ್ಲ.

ಹಾಗಂತ ಹಳೇ ಯಂತ್ರಗಳಿಗೆ ಯುಗಯುಗಾಂತರ ಅಪ್‌ಡೇಟ್ ಕೊಡಿ ಅಂತ ನಾನು ಕೇಳ್ತಿಲ್ಲ. ಟೆಸ್ಟಿಂಗ್‌ಗೆ ದುಡ್ಡು ಬೇಕು, ಜನ ಬೇಕು, ನಾನೂ ಅದೇ ಹೊಟ್ಟೆಪಾಡಿನವನು. ಕೇಳ್ತಿರೋದು ಇಷ್ಟೇ: ನಿಮ್ಮ ಕೈಲಿ ಆಗಲ್ಲ ಅಂದಾಗ ಬೀಗದ ಕೈ ಮಾಲೀಕನಿಗೆ ಕೊಡಿ. ಫರ್ಮ್‌ವೇರ್ ವಿವರ ಬಹಿರಂಗ ಮಾಡಿ. ಆ 32 ಬಿಟ್ ಇಎಫ್‌ಐ ಮುರಿಯೋಕೆ ಕತ್ತಲಲ್ಲಿ ತಡಕಾಡಿದವರಿಗೆ ನಾಲ್ಕು ಪುಟ ದಾಖಲೆ ಕೊಟ್ಟಿದ್ದರೆ ಆಪಲ್ ಮುಳುಗುತ್ತಿರಲಿಲ್ಲ.

ಇನ್ನೊಂದು ಮಾತು, ಇದನ್ನ ಓದ್ತಿರೋ ಸಾಫ್ಟ್‌ವೇರ್‌ನವರಿಗೆ. ಆ ಪಟ್ಟಿಗಳನ್ನ ಬರೆಯೋದು ದೇವರಲ್ಲ. ಔಟರ್ ರಿಂಗ್ ರೋಡಿನ ಯಾವುದೋ ಕಟ್ಟಡದಲ್ಲೂ ನಮ್ಮಂಥವರು ಕೂತು ದಿನಾ ಬರೀತಾರೆ. ‘ಮಿನಿಮಮ್ ಸಪೋರ್ಟೆಡ್ ಡಿವೈಸ್’ ಏರಿಸೋ ಟಿಕೆಟ್ ಮುಂದಿನ ಸ್ಪ್ರಿಂಟಿನಲ್ಲಿ ನಿಮ್ಮ ಹೆಸರಿಗೆ ಬಿದ್ದರೆ, ಕೋಡ್ ಬರೆಯೋ ಮುಂಚೆ ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳಿ: ಹಳೇ ಯಂತ್ರದಲ್ಲಿ ಇದು ನಿಜವಾಗ್ಲೂ ಓಡಲ್ವಾ, ಅಥವಾ ನಾವು ಓಡಿಸಿ ನೋಡಿಲ್ವಾ? ಎರಡನೆಯದಾದರೆ ಬಾಗಿಲು ಹಾಕೋ ಆ ಸಾಲಿನ ಬದಲು ಒಂದು ಎಚ್ಚರಿಕೆ ಸಂದೇಶ ಬರೆದು, ‘ಆದರೂ ಮುಂದುವರಿಸಿ’ ಅಂತ ಕೆಳಗೊಂದು ಬಟನ್ ಇಡಿ.