ಡಾಕ್ಟರೊಬ್ಬರಿಂದಲೇ ಆಸ್ಪತ್ರೆ ನಡೆಯದು

ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ಆಸ್ಪತ್ರೆಯ ಮಾತು ಬಂದರೆ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಡಾಕ್ಟರು ಇದ್ದಾರೇನು?" ಇದ್ದರೆ ಆಸ್ಪತ್ರೆ ಚೆನ್ನಾಗಿದೆ, ಇಲ್ಲದಿದ್ದರೆ ಕೆಟ್ಟಿದೆ. ಗ್ರಾಮಸಭೆಯಲ್ಲಿ ಮನವಿ ಕೊಡುವುದೂ ಇದಕ್ಕೇ, ಶಾಸಕರು ಊರಿಗೆ ಬಂದಾಗ ನಿಲ್ಲಿಸಿ ಕೇಳುವುದೂ ಇದನ್ನೇ. ಡಾಕ್ಟರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಾಕ್ಟರು ಇರುವ ಆಸ್ಪತ್ರೆಯಿಂದಲೂ ಜನ ಅರ್ಧ ದಿನ ಕಾದು, ಬೇಸತ್ತು ಮರಳುತ್ತಿದ್ದಾರೆ. ಆದ್ದರಿಂದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಅಲ್ಲಿರುವವರು ಕೂಡಿ ಕೆಲಸ ಮಾಡುತ್ತಿದ್ದಾರೆಯೇ?

ಪ್ರಾಥಮಿಕ ಆರೋಗ್ಯ ಕೇಂದ್ರವೆಂದರೆ ಒಬ್ಬ ವೈದ್ಯರ ದವಾಖಾನೆ ಎಂದು ಅದನ್ನು ಕಲ್ಪಿಸಿದವರು ಎಂದೂ ಭಾವಿಸಿರಲಿಲ್ಲ. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ವೈದ್ಯರ ಜೊತೆಗೆ ದಾದಿಯರು, ಸೂಲಗಿತ್ತಿಯರು, ನೈರ್ಮಲ್ಯ ನಿರೀಕ್ಷಕರು, ಔಷಧಿ ಕೊಡುವವರು ಎಲ್ಲರೂ ಇರುವ ಒಂದು ತಂಡವನ್ನೇ ಮುಂದಿಟ್ಟಿತ್ತು. ಇಂದಿನ ಸರ್ಕಾರಿ ಲೆಕ್ಕದಲ್ಲೂ ಬಯಲು ಸೀಮೆಯ 30,000 ಜನರಿಗೆ ಒಂದು ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ, ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ. ಮೂವತ್ತು ಸಾವಿರ ಜನರನ್ನು ಒಬ್ಬ ಡಾಕ್ಟರು ನೋಡಿಕೊಳ್ಳಲಾರರು. ಆ ವ್ಯವಸ್ಥೆ ನಿಂತಿರುವುದೇ ಹಲವರ ಕೈಗಳ ಮೇಲೆ.

ಈಗ ಏನಾಗುತ್ತಿದೆ ನೋಡಿ. ಬಿ.ಪಿ. ಇರುವ ಒಬ್ಬ ಕೂಲಿ ಹೆಣ್ಣುಮಗಳು ತಿಂಗಳ ಮಾತ್ರೆಗಾಗಿ ಬರುತ್ತಾಳೆ. ಚೀಟಿ ಮಾಡಿಸಲು ಒಂದು ಪಾಳಿ, ಡಾಕ್ಟರನ್ನು ಕಾಣಲು ಇನ್ನೊಂದು. ಜ್ವರದ ಮಗು, ಗಾಯವಾದವನು, ಸರ್ಟಿಫಿಕೇಟು ಬೇಕಾದವನು ಎಲ್ಲರೂ ಅದೇ ಸಾಲಿನಲ್ಲಿ. ಒಳಗೆ ಹೋದ ಮೇಲೆ ಬಿ.ಪಿ. ನೋಡಿಸಿಕೊಂಡು ಬಾ ಎಂದು ಹೊರಗೆ ಕಳಿಸುತ್ತಾರೆ, ಮತ್ತೆ ಸಾಲು. ಕೊನೆಗೆ ಔಷಧಿ ಕಿಟಕಿಗೆ ಬಂದರೆ ಆ ಮಾತ್ರೆ ಮೊನ್ನೆಯೇ ಮುಗಿದಿದೆ. ಮುಗಿದದ್ದು ಕಿಟಕಿಯಲ್ಲಿ ಕೂತವರಿಗೆ ಗೊತ್ತು, ಬರೆದುಕೊಟ್ಟ ಡಾಕ್ಟರಿಗೆ ಗೊತ್ತಿಲ್ಲ. ಅಷ್ಟರಲ್ಲಿ ಅವಳ ಆ ದಿನದ ಕೂಲಿ ಹೋಯಿತು.

ಬಿ.ಪಿ. ನೋವು ಕೊಡುವ ರೋಗವಲ್ಲ. ಮಾತ್ರೆ ಬಿಟ್ಟರೂ ಮರುದಿನ ಏನೂ ಆಗುವುದಿಲ್ಲ. ಆದ್ದರಿಂದ ಅವಳು ಮುಂದಿನ ತಿಂಗಳು ಬರುವುದಿಲ್ಲ. ಬರಲಿಲ್ಲವೆಂದು ಗಮನಿಸುವುದು ಯಾರ ಕೆಲಸವೂ ಅಲ್ಲ. ವರ್ಷ ಎರಡು ವರ್ಷದ ಮೇಲೆ ಲಕ್ವ ಹೊಡೆದಾಗ ಇಡೀ ಮನೆಯೇ ಹಾಸಿಗೆ ಹಿಡಿಯುತ್ತದೆ, ಹೊಲ ಒತ್ತೆ ಬೀಳುತ್ತದೆ. ಇದನ್ನು ನಾವು ಹಣೆಬರಹ ಎನ್ನುತ್ತೇವೆ. ಹಣೆಬರಹವಲ್ಲ, ನಾಲ್ಕು ಜನ ಒಬ್ಬರಿಗೊಬ್ಬರು ಮಾತಾಡದಿದ್ದುದರ ಫಲ.

ಪರಿಹಾರಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಎಲ್ಲರೂ ಹತ್ತು ನಿಮಿಷ ಒಟ್ಟಿಗೆ ನಿಲ್ಲಲಿ. ಇಂದು ಯಾರು ರಜೆ, ಯಾವ ಮಾತ್ರೆ ಕಡಿಮೆಯಾಗಿದೆ, ಯಾವ ಗರ್ಭಿಣಿಯ ದಿನ ತುಂಬಿದೆ, ಯಾರು ಮಾತ್ರೆಗೆ ಬರಲಿಲ್ಲ ಎಂಬುದಿಷ್ಟೇ ಮಾತು. ಬಂದವರ ಬಿ.ಪಿ., ಸಕ್ಕರೆ ಪರೀಕ್ಷೆಯನ್ನು ಡಾಕ್ಟರ ಕೋಣೆಗೆ ಹೋಗುವ ಮುಂಚೆಯೇ ನರ್ಸ್ ಮುಗಿಸಲಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಬಿ.ಪಿ. ಹತೋಟಿಯಲ್ಲಿರುವವರೆಗೆ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಅವರೂರಿನಲ್ಲೇ ಮುಂದುವರಿಸಿ ಕೊಡಲಿ. ಹತೋಟಿ ತಪ್ಪಿದವರು ಮಾತ್ರ ಡಾಕ್ಟರಲ್ಲಿಗೆ ಬರಲಿ. ಬಾರದವರ ಹೆಸರು ಆಶಾ ಕೈಗೆ ಹೋಗಲಿ. ಆಗ ಡಾಕ್ಟರಿಗೆ ನಿಜವಾಗಿ ಕಷ್ಟದಲ್ಲಿರುವ ರೋಗಿಯ ಮುಖ ನೋಡಲು ಸಮಯ ಸಿಗುತ್ತದೆ.

ಇದು ಬರಿಯ ಕನಸಲ್ಲ. 2017ರಲ್ಲಿ ಐದು ರಾಜ್ಯಗಳ ಕೆಲವು ಜಿಲ್ಲೆಗಳಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ನಿಂತಿರುವುದೇ ಇಂಥ ಸರಳ ಸೂತ್ರಗಳ ಮೇಲೆ: ಎಲ್ಲರಿಗೂ ಒಂದೇ ಚಿಕಿತ್ಸಾ ಕ್ರಮ, ತಪ್ಪದ ಔಷಧಿ ಪೂರೈಕೆ, ಹಂಚಿಕೊಂಡ ಕೆಲಸ, ಬಾರದ ರೋಗಿಯ ಲೆಕ್ಕ. ನಮ್ಮ ನಾಡಿನಲ್ಲೇ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಕೇಂದ್ರದ ನಿರ್ವಹಣೆಯನ್ನು ವಹಿಸಿಕೊಂಡಿತು. ಮಾನಸಿಕ ಕಾಯಿಲೆ, ಮೂರ್ಛೆರೋಗದಂಥವಕ್ಕೂ ಹಳ್ಳಿಯ ಕೇಂದ್ರದಲ್ಲೇ ಆರೈಕೆ ಕೊಡಲು ಮುಂದಾಯಿತು. ಹಳ್ಳಿಯ ಕೇಂದ್ರ ಜ್ವರ, ನೆಗಡಿಗಷ್ಟೇ ಎಂಬ ಮಾತಿಗೆ ಅದೇ ಉತ್ತರ.

ಹಾಗಿದ್ದರೂ ಎಲ್ಲೆಡೆ ಏಕೆ ಆಗುತ್ತಿಲ್ಲ? ನನ್ನ ದೃಷ್ಟಿಯಲ್ಲಿ ದೊಡ್ಡ ತಡೆ ಮೇಲು ಕೀಳಿನ ಭಾವ. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಬಲ್ಲವಳು ಆಶಾ. ಆದರೆ ಸಭೆಯಲ್ಲಿ ಅವಳು ಬಾಗಿಲ ಬಳಿ ನಿಂತಿರುತ್ತಾಳೆ. ಕುರ್ಚಿ ಯಾರಿಗೆ, ಸ್ಟೂಲು ಯಾರಿಗೆ, ಚಹಾ ತರುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ಇದನ್ನು ಕಂಡೂ ಕಾಣದಂತೆ ಇರಬಾರದು. ಜೊತೆಗೆ ಒಂದು ಎಚ್ಚರಿಕೆ: ಕೂಡಿ ಮಾಡುವುದೆಂದರೆ ಎಲ್ಲ ಹೊರೆಯನ್ನೂ ಅತಿ ಕಡಿಮೆ ಗೌರವಧನ ಪಡೆಯುವವಳ ತಲೆಗೆ ಏರಿಸುವುದಲ್ಲ. ಒಂದೇ ವಿವರವನ್ನು ರಿಜಿಸ್ಟರಿನಲ್ಲೂ ಮೊಬೈಲಿನಲ್ಲೂ ಎರಡೆರಡು ಸಲ ಬರೆಸುವುದನ್ನು ಬಿಡಿಸದೆ ಹೊಸ ಕೆಲಸ ಕೊಟ್ಟರೆ ಅದು ಶೋಷಣೆಯೇ.

ಜಾತ್ರೆಯ ದಾಸೋಹವನ್ನು ನೆನೆಯಿರಿ. ಕೊಪ್ಪಳದ ಗವಿಮಠದಲ್ಲಿ, ಸಿದ್ಧಗಂಗೆಯಲ್ಲಿ ಸಾವಿರ ಸಾವಿರ ಜನ ಉಂಡೇಳುತ್ತಾರೆ. ಅನ್ನ ಮುಗಿಯುವ ಮೊದಲೇ ಬಡಿಸುವವನು ಒಲೆಯ ಕಡೆಗೆ ಕೂಗಿ ಹೇಳುತ್ತಾನೆ. ಎಲೆ ತೆಗೆಯುವವನು ಡಿಗ್ರಿ ಓದಿದವನೋ ಅಲ್ಲವೋ ಯಾರೂ ಕೇಳುವುದಿಲ್ಲ. ಕೂಡಿ ದುಡಿಯುವುದು ನಮಗೆ ಹೊಸತಲ್ಲ. ಊಟದ ಮನೆಯಲ್ಲಿ ಬಲ್ಲದ್ದನ್ನು ಔಷಧಿಯ ಮನೆಯಲ್ಲಿ ಕೇಳುವ ಧೈರ್ಯ ನಮಗೆ ಬೇಕು.

ಅದಕ್ಕೆ ದಾರಿಯೂ ಇದೆ. ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ. ಅದರ ಸಭೆ ಬಣ್ಣ ಬಳಿಸುವ, ಫ್ಯಾನು ತರುವ ಲೆಕ್ಕದಲ್ಲೇ ಮುಗಿಯದಿರಲಿ. ಕಳೆದ ತಿಂಗಳು ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ? ಬಿ.ಪಿ., ಸಕ್ಕರೆಯವರಲ್ಲಿ ಎಷ್ಟು ಜನ ಬರಲಿಲ್ಲ, ಅವರ ಮನೆಗೆ ಯಾರು ಹೋದರು? ಆಶಾ ಹೇಳಿದ ಮಾತು ಯಾವುದಾದರೂ ಜಾರಿಗೆ ಬಂತೇ? ತಪ್ಪು ಹುಡುಕುವ ದನಿಯಲ್ಲಿ ಅಲ್ಲ, ನಮ್ಮಿಂದೇನು ಆಗಬೇಕು ಎಂಬ ದನಿಯಲ್ಲಿ ಕೇಳೋಣ.

ಮಠಗಳಿಗೂ ಒಂದು ವಿನಂತಿ. ಜಾತ್ರೆ, ಪುಣ್ಯಸ್ಮರಣೆಗಳಲ್ಲಿ ನಡೆಸುವ ಆರೋಗ್ಯ ಶಿಬಿರದಲ್ಲಿ ಬಿ.ಪಿ. ನೋಡಿ, ಐದು ದಿನದ ಮಾತ್ರೆ ಕೊಟ್ಟು ಕಳಿಸಿದರೆ ಆರನೆಯ ದಿನ ಅವರ ಗತಿಯೇನು? ರೋಗಿಯ ಒಪ್ಪಿಗೆ ಪಡೆದು ಅವರ ಹೆಸರನ್ನು ಅಂದೇ ಅವರೂರಿನ ಆರೋಗ್ಯ ಕೇಂದ್ರಕ್ಕೆ ಒಪ್ಪಿಸೋಣ. ಅಲ್ಲಿನ ನರ್ಸ್, ಆಶಾ ಕಾರ್ಯಕರ್ತೆಯರನ್ನು ಶಿಬಿರದಲ್ಲೇ ಕೂರಿಸಿಕೊಳ್ಳೋಣ. ವರ್ಷಕ್ಕೊಮ್ಮೆಯ ಶಿಬಿರಕ್ಕಿಂತ ವರ್ಷವಿಡೀ ತಪ್ಪದ ಒಂದು ಮಾತ್ರೆ ಹೆಚ್ಚು ಜೀವ ಉಳಿಸುತ್ತದೆ.