ಮನೆಯೇ ಶಾಲೆಯಾಗುವುದಾದರೆ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಶಾಲೆಯಿಲ್ಲದ ವಿದ್ಯಾಭ್ಯಾಸದ ಮಾತೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಬೇಕೆಂದು ಹೊರಟ ತಂದೆತಾಯಿಗಳು ಈ ಮುಂಬಯಿ ಮಹಾನಗರದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಈಗ ಕಂಡುಬರುತ್ತಿದ್ದಾರೆ. ಅವರು ಮಾಡುತ್ತಿರುವುದು ಸರಿಯೇ, ತಪ್ಪೇ, ಹೊಸದಾಗಿ ಈ ಭಾರವನ್ನು ಹೊತ್ತವರು ಯಾವುದನ್ನು ಗಮನದಲ್ಲಿಡಬೇಕು ಎಂಬ ಪ್ರಶ್ನೆಗಳು ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ಪಾಲಕರ ಸಭೆಯಲ್ಲಿಯೂ ಎದ್ದಿವೆ. ಶಾಲೆಯ ಪಕ್ಷಪಾತಿಗಳೆಂಬ ಕಾರಣದಿಂದ ನಾವು ಸುಮ್ಮನಿರುವುದು ಉಚಿತವಲ್ಲ. ಬಲ್ಲಷ್ಟನ್ನು ಹೇಳಬೇಕಾದುದು ನಮ್ಮ ಕರ್ತವ್ಯವೆಂದೇ ತಿಳಿದಿದ್ದೇವೆ.

ವಿದ್ಯಾರ್ಥಿ ಮಿತ್ರರೇ, ಈ ವಿಷಯ ನಿಮಗೆ ಹೊಸದೇನೂ ಅಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದಾಗ, ಹತ್ತಡಿ ಉದ್ದ ಹತ್ತಡಿ ಅಗಲದ ಖೋಲಿಗಳೆಲ್ಲ ಪಾಠಶಾಲೆಗಳಾದುವು. ಮನೆಗೆ ಒಂದೇ ಮೊಬೈಲು; ಅಣ್ಣನ ಗಣಿತ ಮುಗಿದ ಮೇಲೆ ತಂಗಿಯ ಕನ್ನಡ; ನಡುವೆ ಅಡುಗೆಮನೆಯಲ್ಲಿ ಕುಕ್ಕರಿನ ಕೂಗು. ಅಂದು ಅಣ್ಣ ಅಕ್ಕಂದಿರ ಮಗ್ಗುಲಲ್ಲಿ ಕುಳಿತು ಅಕ್ಷರ ತಿದ್ದಿದವರು ಇಂದು ಮೇಲಿನ ತರಗತಿಗಳಲ್ಲಿದ್ದೀರಿ. ಮನೆಯಲ್ಲಿ ಕಲಿಯುವುದರ ಸುಖವೇನು, ಕಷ್ಟವೇನು ಎಂಬುದನ್ನು ಬಲ್ಲ ಸಾಕ್ಷಿಗಳು ನೀವೇ. ಅಂದು ಒದಗಿದುದು ನಿರ್ಬಂಧ; ಇಂದು ಕೆಲವರು ಕೈಗೊಳ್ಳುತ್ತಿರುವುದು ಸಂಕಲ್ಪ. ಎರಡಕ್ಕೂ ಬಹಳ ಅಂತರವಿದೆ.

ಸಂಕಲ್ಪದಿಂದ ನಡೆದ ಮನೆಯ ವಿದ್ಯೆ ಎಷ್ಟು ಎತ್ತರಕ್ಕೆ ಏರಬಲ್ಲುದೆಂಬುದಕ್ಕೆ ಪಂಡಿತಾ ರಮಾಬಾಯಿಯವರಿಗಿಂತ ಉಜ್ವಲವಾದ ನಿದರ್ಶನ ಬೇಕಿಲ್ಲ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಂಗಳೂರು ಸೀಮೆಯವರು. ಸ್ತ್ರೀಯರಿಗೆ ಸಂಸ್ಕೃತ ಸಲ್ಲದೆಂದು ಪಂಡಿತರು ಸಾರುತ್ತಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ವಿರೋಧ ಎದ್ದಾಗ ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ನೆಲಸಿದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ರಮಾಬಾಯಿ. ಮುಂದೆ ಆ ಕುಟುಂಬ ತೀರ್ಥಯಾತ್ರೆಗೆ ಹೊರಟು ಊರೂರು ಅಲೆಯುವಂತಾಯಿತು. ಮಗಳಿಗೆ ಎಂಟು ವರುಷವಾದಾಗ ತಾಯಿ ಪಾಠವನ್ನು ಆರಂಭಿಸಿದರು. ಹದಿನೈದು ತುಂಬುವವರೆಗೂ ಬಿಡದೆ ನಡೆಸಿದರು. ಹಗಲೆಲ್ಲ ಸಂಸಾರದ ಕೆಲಸ. ಆದುದರಿಂದ ಆ ತಾಯಿ ಬೆಳಗಿನ ಜಾವದಲ್ಲಿ, ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಶ್ಲೋಕಗಳನ್ನು ಹೇಳಿಕೊಟ್ಟರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಆ ಹುಡುಗಿ 1878ರಲ್ಲಿ ಅಣ್ಣನೊಡನೆ ಕಲಕತ್ತೆಯನ್ನು ತಲಪಿದಾಗ, ಅಲ್ಲಿಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ' ಎಂದೂ 'ಸರಸ್ವತಿ' ಎಂದೂ ಬಿರುದಿತ್ತು ಗೌರವಿಸಿದರು. ಯಾವ ಶಾಲೆಯ ಹೊಸ್ತಿಲನ್ನೂ ತುಳಿಯದೆ ಪಡೆದ ವಿದ್ಯೆ ಅದು.

ಇನ್ನೊಂದು ನಿದರ್ಶನವನ್ನೂ ನೋಡಬೇಕು. ದಕ್ಷಿಣ ಆಫ್ರಿಕದಲ್ಲಿದ್ದ ಮಹಾತ್ಮಾ ಗಾಂಧಿಯವರ ಮುಂದೆಯೂ ಇದೇ ಪ್ರಶ್ನೆ ಬಂದಿತು. ಅಲ್ಲಿಯ ಯುರೋಪಿಯನ್ನರ ಶಾಲೆಗಳಲ್ಲಿ ಭಾರತೀಯ ಮಕ್ಕಳಿಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ಎಲ್ಲರ ಮಕ್ಕಳಿಗೂ ಇಲ್ಲದ ಅನುಕೂಲವನ್ನು ತಮ್ಮ ಮಕ್ಕಳಿಗೆ ಮಾತ್ರ ಬೇಡಿ ಪಡೆಯಲು ಅವರು ಒಪ್ಪಲಿಲ್ಲ. ತಾವೇ ಕಲಿಸಲು ಹೊರಟರು. ಜೋಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ಹೋಗಿ ಬರುವಾಗ, ಒಟ್ಟು 5 ಮೈಲಿಯ ಹಾದಿಯಲ್ಲಿ, ಮಕ್ಕಳನ್ನು ಜೊತೆಗೆ ನಡೆಸಿಕೊಂಡು ಮಾತಿನಲ್ಲಿಯೇ ಪಾಠ ಹೇಳುತ್ತಿದ್ದರು. 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾದ ಮೇಲೆ ಅಲ್ಲಿಯ ಮಕ್ಕಳಿಗೆಲ್ಲ ತೋಟದ ಕೆಲಸ, ಚಪ್ಪಲಿ ಹೊಲಿಯುವ ಕೆಲಸ, ಅಕ್ಷರವಿದ್ಯೆ ಎಲ್ಲವನ್ನೂ ಕಲಿಸಲು ಶ್ರಮಿಸಿದರು. ಇಷ್ಟಾದರೂ ತಮ್ಮ ಮಕ್ಕಳಿಗೆ ತಾವು ಬಯಸಿದಷ್ಟು ಹೊತ್ತನ್ನು ಕೊಡಲಾಗಲಿಲ್ಲವೆಂದೂ, ಈ ಬಗ್ಗೆ ಮಕ್ಕಳಿಗೆ ತಮ್ಮ ಮೇಲೆ ಅಸಮಾಧಾನವಿತ್ತೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರು 1911ರಲ್ಲಿ ತಂದೆಯನ್ನು ಬಿಟ್ಟು ಓದುವುದಕ್ಕಾಗಿ ಭಾರತಕ್ಕೆ ಮರಳಿದರು. ಮಕ್ಕಳ ಶೀಲಕ್ಕೆ ತಮ್ಮ ಮಾರ್ಗವೇ ಒಳ್ಳೆಯದಾಯಿತೆಂದು ಗಾಂಧಿಯವರು ನಂಬಿದ್ದರು. ಆದರೆ ಕೊರತೆ ಕೊರತೆಯೆಂದು ಒಪ್ಪಿಕೊಳ್ಳಲು ಹಿಂಜರಿಯಲಿಲ್ಲ.

ಈ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಎರಡೂ ಕಡೆಗಳಲ್ಲಿ ಆದರ್ಶವಿತ್ತು, ಪ್ರೀತಿಯಿತ್ತು, ಬುದ್ಧಿಯಿತ್ತು. ಲಕ್ಷ್ಮೀಬಾಯಿಯವರಲ್ಲಿ ಇದ್ದು ಗಾಂಧಿಯವರಿಗೆ ಒದಗದೆಹೋದುದು ದಿನದಿನವೂ ತಪ್ಪದ ಹೊತ್ತು. ಆದುದರಿಂದ ಹೊಸದಾಗಿ ಮನೆಯಲ್ಲಿ ಕಲಿಸಹೊರಟ ತಂದೆತಾಯಿಗಳಿಗೆ ನಮ್ಮ ಮೊದಲನೆಯ ಹಾಗೂ ಮುಖ್ಯವಾದ ಮಾತು ಇದು: ಪುಸ್ತಕಗಳನ್ನು ಕೊಳ್ಳುವುದಕ್ಕೆ ಮುಂಚೆ, ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಕಾಲ ಮಗುವಿನೊಡನೆ ಕುಳ್ಳಿರುವರೆಂಬುದನ್ನು ನಿಶ್ಚಯಿಸಿರಿ. ತಂದೆ ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಮರಳುವವರು, ತಾಯಿಯೂ ದುಡಿಯುವವರು. ಅಂಥ ಮನೆಯಲ್ಲಿ ಮಗುವಿನೆದುರಿಗೆ ಮೊಬೈಲನ್ನಿಟ್ಟು ಹೋಗುವುದನ್ನು ಮನೆಯ ಶಿಕ್ಷಣವೆಂದು ಕರೆಯಲಾಗದು. ಕೊಡಲು ಹೊತ್ತಿಲ್ಲದವರು ಮಗುವನ್ನು ಶಾಲೆಗೆ ಕಳುಹಿಸುವುದೇ ಲೇಸು. ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಹೊತ್ತನ್ನು ಕೊಡಬಲ್ಲವರು ಎರಡನೆಯ ಮಾತನ್ನು ಗಮನಿಸಲಿ. ಶಾಲೆಯ ಗಂಟೆಯನ್ನು ಮನೆಯಲ್ಲಿ ಬಾರಿಸಬೇಡಿರಿ. ನಲವತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯರು ಐದು ಗಂಟೆಗಳಲ್ಲಿ ಹೇಳುವುದನ್ನು ಒಂದು ಮಗುವಿಗೆ ಹೇಳಲು ಅಷ್ಟು ಕಾಲ ಬೇಕಾಗದು. ಉಳಿದ ಹೊತ್ತಿನಲ್ಲಿ ಮನೆಯೇ ಪಠ್ಯವಾಗಲಿ. ದೋಸೆಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದು ಅಳೆಯುವಾಗ ಪ್ರಮಾಣದ ಗಣಿತವಿದೆ. ಆ ಹಿಟ್ಟು ಬೇಸಗೆಯಲ್ಲಿ ಬೇಗನೆಯೂ ಚಳಿಗಾಲದಲ್ಲಿ ತಡವಾಗಿಯೂ ಹುಳಿಯೇರುವುದೇಕೆಂದು ಕೇಳಿದರೆ ಸೂಕ್ಷ್ಮಜೀವಿಗಳ ಶಾಸ್ತ್ರ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರ್. ನಿಧಾನದ ಗಾಡಿಗೂ ವೇಗದ ಗಾಡಿಗೂ ಹಿಡಿಯುವ ಕಾಲವನ್ನು ವೇಳಾಪಟ್ಟಿಯಲ್ಲಿ ನೋಡಿದರೆ ವೇಗದ ಲೆಕ್ಕ ತಾನಾಗಿ ಬರುತ್ತದೆ. ಕಿಸೆಯಲ್ಲಿರುವ ನೋಟಿನ ಹಿಂಬದಿಯಲ್ಲಿ 15 ಭಾಷೆಗಳಲ್ಲಿ ಅದರ ಬೆಲೆಯನ್ನು ಅಚ್ಚುಮಾಡಿದ್ದಾರೆ. ಮೇಲಿನಿಂದ ನಾಲ್ಕನೆಯದು ಕನ್ನಡ. ಅದನ್ನು ಹುಡುಕಿ ಓದಿದ ಮಗುವಿನ ಮುಖದಲ್ಲಿ ಮೂಡುವ ಹಿಗ್ಗು ಯಾವ ಅಂಕಪಟ್ಟಿಯಿಂದಲೂ ಮೂಡದು.

ಮೂರನೆಯದು ಭಾಷೆಯ ಮಾತು. ಗಾಂಧಿಯವರ ಮನೆಯಲ್ಲಿದ್ದ ಮಿತ್ರ ಪೋಲಾಕರು, ಮಕ್ಕಳಿಗೆ ಚಿಕ್ಕಂದಿನಿಂದಲೇ ಇಂಗ್ಲಿಷ್ ಕಲಿಸಿದರೆ ಜೀವನದ ಪಂದ್ಯದಲ್ಲಿ ಮುಂದಾಗುವರೆಂದು ಬಲವಾಗಿ ವಾದಿಸುತ್ತಿದ್ದರು. ಗಾಂಧಿಯವರು ಮಕ್ಕಳೊಡನೆ ಗುಜರಾತಿಯಲ್ಲಿಯೇ ಮಾತನಾಡಿದರು. ತಾಯಿನುಡಿಯನ್ನು ಬಿಡಿಸುವುದು ಮಕ್ಕಳಿಗೂ ದೇಶಕ್ಕೂ ಬಗೆಯುವ ದ್ರೋಹವೆಂದು ಅವರ ಮತ. ಇಂದು ಮನೆಯಲ್ಲಿ ಕಲಿಸುವವರಲ್ಲಿ ಅನೇಕರು ಅಂತರ್ಜಾಲದಿಂದ ಇಳಿಸಿಕೊಂಡ ಇಂಗ್ಲಿಷ್ ಪಾಠಗಳನ್ನೇ ನಂಬಿರುವುದನ್ನು ಕಾಣುತ್ತೇವೆ. ಇಂಗ್ಲಿಷ್ ಬೇಡವೆಂದು ನಾವು ಹೇಳುವವರಲ್ಲ. ಈ ನಗರದಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಿಲ್ಲದೆ ಬದುಕು ಸಾಗದು. ಆದರೆ ಮನೆಮಾತು ಕನ್ನಡವಾಗಿರಲಿ, ತುಳುವಾಗಿರಲಿ, ಕೊಂಕಣಿಯಾಗಿರಲಿ, ಅಜ್ಜಿಯ ಬಾಯಿಂದ ಬರುವ ವಿದ್ಯೆಗೆ ಆ ನುಡಿಯೇ ಬಾಗಿಲು. ಮನೆಯಲ್ಲಿ ಕಲಿಸಿಯೂ ಮನೆಯ ನುಡಿಯನ್ನು ಕಲಿಸದಿದ್ದರೆ, ಊಟಕ್ಕೆ ಕರೆದು ಎಲೆ ಹಾಕದೆ ಕಳುಹಿಸಿದಂತಾಯಿತು.

ನಾಲ್ಕನೆಯದಾಗಿ, ಮಗುವಿಗೆ ಸಂಗಾತಿಗಳು ಬೇಕು. ಜಗಳವಾಡಿ ರಾಜಿಯಾಗುವುದನ್ನೂ, ಸೋತು ನಗುವುದನ್ನೂ, ತನ್ನ ಸರದಿಗೆ ಕಾಯುವುದನ್ನೂ ತಂದೆತಾಯಿಗಳು ಕಲಿಸಲಾರರು. ಓರಗೆಯ ಮಕ್ಕಳೇ ಕಲಿಸಬೇಕು. ಆಟದ ಬಯಲು, ವಾಚನಾಲಯ, ಕನ್ನಡ ಸಂಘದ ನಾಟಕ, ಭಜನೆ, ಯಕ್ಷಗಾನದ ತರಬೇತಿ, ನೆರೆಯ ಮನೆಯ ಬಡಗಿ, ಮಹಡಿಯ ಮೇಲಿನ ನಿವೃತ್ತ ಗುಮಾಸ್ತರು, ಇವರೆಲ್ಲರಿಂದಲೂ ಮಗು ಕಲಿಯಲಿ. ನಾಲ್ಕು ಗೋಡೆಗಳೊಳಗೆ ಒಂಟಿಯಾಗಿ ಬೆಳೆದ ವಿದ್ಯೆ ಕುಂಡದ ಗಿಡದಂತೆ; ಹಸುರಾಗಿ ಕಂಡರೂ ಬೇರು ಆಳಕ್ಕಿಳಿಯದು.

ಐದನೆಯದು ವ್ಯವಹಾರದ ಮಾತು. 6 ರಿಂದ 14 ವರುಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ವಿಧಿಸುವ 2009ರ ಕಾಯಿದೆ, ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆನ್ನುತ್ತದೆ. ಮನೆಯ ಶಿಕ್ಷಣವನ್ನು ಕುರಿತು ಅದರಲ್ಲಿ ಪ್ರತ್ಯೇಕವಾದ ಮಾತಿಲ್ಲ. ಇದನ್ನು ತಿಳಿಯದೆ ಹೆಜ್ಜೆಯಿಡಬಾರದು. ಶಾಲೆಗೆ ಹೋಗದವರು ಪರೀಕ್ಷೆಗೆ ಕುಳ್ಳಿರುವುದಕ್ಕೆ 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿದೆ. 14 ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಏನನ್ನು ಕಲಿಸಿದೆವು, ಮಗು ಏನನ್ನು ಬರೆಯಿತು ಎಂಬುದರ ದಿನಚರಿಯನ್ನು ಮೊದಲ ದಿನದಿಂದಲೇ ಇಟ್ಟುಕೊಂಡರೆ, ಮುಂದೆ ಶಾಲೆಗೆ ಮರಳಬೇಕಾಗಿ ಬಂದರೂ ತೊಡಕಾಗದು. ಮರಳುವುದು ಸೋಲಲ್ಲ, ಮಗುವಿನ ಹಿತಕ್ಕಿಂತ ಹಟ ದೊಡ್ಡದಲ್ಲ. ವರುಷಕ್ಕೊಮ್ಮೆ ಮಗುವನ್ನೇ ಕೂರಿಸಿಕೊಂಡು 'ನಿನಗೆ ಹೇಗೆನ್ನಿಸುತ್ತದೆ, ಮಗೂ?' ಎಂದು ಕೇಳಬೇಕು. ಕೇಳಿದ ಮೇಲೆ ಉತ್ತರಕ್ಕೆ ಬೆಲೆ ಕೊಡಬೇಕು.

ಇನ್ನು ಒಂದು ಮಾತನ್ನು ನಾವು ಮೃದುವಾಗಿ ಹೇಳಲಾರೆವು. 'ಮನೆಯಲ್ಲಿಯೇ ಓದಿಸುತ್ತೇವೆ' ಎಂಬ ಮಾತು ಹೆಣ್ಣುಮಕ್ಕಳ ಪಾಲಿಗೆ ಎಷ್ಟೋ ಸಲ ನೆಪವಾಗಿ ಬರುತ್ತದೆ. ಶಾಲೆಗಳು ಮತ್ತೆ ತೆರೆದಾಗ ಬಾರದೆ ಉಳಿದ ಹುಡುಗಿಯರ ಬೆಂಚುಗಳನ್ನು ನಾವು ಕಂಡಿದ್ದೇವೆ. ವಿಚಾರಿಸಿದರೆ ಮನೆಯಲ್ಲಿ ಓದುತ್ತಿದ್ದಾಳೆಂಬ ಉತ್ತರ. ಹೋಗಿ ನೋಡಿದರೆ ಕೈಯಲ್ಲಿ ಪಾತ್ರೆ, ಸೊಂಟದಲ್ಲಿ ತಮ್ಮ. ಅಂಥ ಮನೆಯಲ್ಲಿ ಪುಸ್ತಕದ ಮೇಲಿನ ಧೂಳೇ ಸಾಕ್ಷಿ ಹೇಳುತ್ತದೆ. ಮಗನನ್ನಾದರೆ ಹೀಗೆ ಬಿಡಿಸುತ್ತಿದ್ದೆವೇ ಎಂದು ತಂದೆತಾಯಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಬಿಡಿಸುತ್ತಿರಲಿಲ್ಲವೆಂದಾದರೆ ಅದು ಶಿಕ್ಷಣವಲ್ಲ, ಸುಲಿಗೆ.

ರಮಾಬಾಯಿಯವರ ಬಾಳಿನ ಮುಂದಿನ ಭಾಗವನ್ನು ನಾವು ನೆನೆಯಬೇಕಾದುದು ಇಲ್ಲಿಯೇ. ಮನೆಯಲ್ಲಿಯೇ ಕಲಿತು ಪಂಡಿತೆಯಾದ ಆ ಮಹಿಳೆ, ಎಲ್ಲರೂ ಮನೆಯಲ್ಲಿಯೇ ಕಲಿಯಲಿ ಎಂದು ಹೇಳಲಿಲ್ಲ. 1889ರಲ್ಲಿ ಇದೇ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರುಷ ಅದು ಪುಣೆಗೆ ಹೋಯಿತು. ಬಾಲವಿಧವೆಯರಿಗೆ ಓದುವುದಕ್ಕೊಂದು ಸೂರು ಅದು. ಎಲ್ಲ ಹುಡುಗಿಯರಿಗೂ ಲಕ್ಷ್ಮೀಬಾಯಿಯಂಥ ತಾಯಿ ದೊರೆಯುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ತಮಗೆ ದೊರೆತ ಬೆಳಗಿನ ಜಾವ ದೊರೆಯದವರಿಗಾಗಿ ಅವರು ಹಗಲಿನ ಶಾಲೆಯನ್ನು ಕಟ್ಟಿದರು. ಮನೆಯ ವಿದ್ಯೆಗೂ ಶಾಲೆಗೂ ಹಗೆತನವಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವೇಕೆ?

ಆದುದರಿಂದ ಮನೆಯಲ್ಲಿ ಕಲಿಸಹೊರಟವರನ್ನು ನಾವು ಹಳಿಯುವುದಿಲ್ಲ. ಅವರು ಹೊತ್ತಿರುವುದು ದೊಡ್ಡ ಭಾರ; ತಾಳ್ಮೆಯಿಂದ ಹೊರಲೆಂದು ಹಾರೈಸುತ್ತೇವೆ. ನಮ್ಮ ಶಾಲೆಯ ವಾಚನಾಲಯದ ಬಾಗಿಲು ಅಂಥ ಮಕ್ಕಳಿಗೂ ತೆರೆದಿರಬೇಕೆಂಬುದು ನಮ್ಮ ಅಭಿಮತ. ಅವರಂತೆಯೇ, ಮಕ್ಕಳನ್ನು ಶಾಲೆಗೆ ಕಳುಹಿಸುವವರೂ ಕಲಿಸುವ ಭಾರ ತಮ್ಮ ಹೆಗಲಿನಿಂದ ಇಳಿಯಿತೆಂದು ಭಾವಿಸಕೂಡದು. ಈ ನಗರದಲ್ಲಿ ಕನ್ನಡ ಶಾಲೆ ಕನ್ನಡದ ಮನೆಗಳಿಂದಲೇ ಉಳಿಯಬೇಕು. ಮನೆಯಲ್ಲಿ ಆಡದ ನುಡಿಯನ್ನು ಶಾಲೆಯೊಂದೇ ಎಷ್ಟು ಕಾಲ ಹಿಡಿದು ನಿಲ್ಲಿಸೀತು?

ವಿದ್ಯಾರ್ಥಿ ಮಿತ್ರರೇ, ಈ ಪುಟವನ್ನು ನಿಮ್ಮ ತಂದೆತಾಯಿಗಳಿಗೆ ಓದಿಹೇಳಿರಿ. ಕನ್ನಡ ಓದಲು ಬಾರದವರು ಮನೆಯಲ್ಲಿದ್ದರೆ ಅವರಿಗೆ ಅಕ್ಷರ ಕಲಿಸುವ ಗುರುಗಳು ನೀವೇ ಆಗಿರಿ. ತಮ್ಮನಿಗೋ ತಂಗಿಗೋ ದಿನಕ್ಕೆ ಅರ್ಧ ಗಂಟೆ, ತಪ್ಪದೆ, ಒಂದೇ ಹೊತ್ತಿನಲ್ಲಿ ಕೊಡಿರಿ. ಗಂಗಾಮೂಲದ ಆ ತಾಯಿ ಮಗಳಿಗೆ ಕೊಟ್ಟುದೂ ಅಷ್ಟೇ: ದಿನದ ಕೆಲಸಗಳು ಕೈಗೆ ಬೀಳುವುದಕ್ಕೆ ಮುಂಚಿನ ಒಂದಿಷ್ಟು ಹೊತ್ತು.